ಶುಕ್ರವಾರ ಬ್ಯಾಂಕಿನಲ್ಲಿ ಉಳಿದ ರೊಕ್ಕ

1938ರಲ್ಲಿ ನಾನು ಶಿಗ್ಗಾಂವಿಯ ಜಿನ್ನಿಂಗ್ ಕಂಪನಿಯೊಂದರ ಖಜಾಂಚಿ. ಹತ್ತಿಯಿಂದ ಬೀಜ ಬೇರ್ಪಡಿಸಿ ಅರಳೆ ಮಾಡುವ ಕಾರ್ಖಾನೆ ಅದು. ವಯಸ್ಸು ಇಪ್ಪತ್ತೊಂಬತ್ತು, ಮೈಮೇಲೆ ಕರಿ ಕೋಟು, ಅದಕ್ಕೆ ತಕ್ಕ ಗತ್ತು. ಅರಳೆಯ ಧೂಳಿನಲ್ಲಿ ಹಾಡಿಕೊಂಡು ದುಡಿಯುತ್ತಿದ್ದ ಹೆಣ್ಣುಮಕ್ಕಳ ದನಿ ಈಗಲೂ ಕಿವಿಯಲ್ಲಿದೆ. ಅಂಥ ದಿನಗಳು ಮತ್ತೆ ಬರಲಿಲ್ಲ.

ಅವರೆಲ್ಲ ವಾರದ ಪಗಾರದಲ್ಲಿ ಒಂದಿಷ್ಟನ್ನು ನನ್ನ ಬಳಿಯೇ ಬಿಟ್ಟು, ಹಂಗಾಮು ಮುಗಿದಾಗ ಒಯ್ಯುತ್ತಿದ್ದರು. ಹಿರೇಬೆಂಡಿಗೇರಿಯ ಗಂಗವ್ವ ಮಾತ್ರ ನಾಲ್ಕು ವರ್ಷ ಒಯ್ದಿರಲಿಲ್ಲ. ಗಂಡನಿಲ್ಲದ ಆಕೆ ಮೈದುನನ ಅಂಗಳದ ಮೂಲೆಯಲ್ಲಿದ್ದಳು. ಸ್ವಂತಕ್ಕೊಂದು ಸಣ್ಣ ಮನೆ ಕೊಳ್ಳಲು ನೂರಾಹತ್ತು ರೂಪಾಯಿ ಕೂಡಿಸಿದ್ದಳು. ನಾನು ಮಹಾ ಜಾಣ! ಬಡ್ಡಿ ಬರುತ್ತದೆಂದು ಆ ದುಡ್ಡನ್ನೂ ಕಂಪನಿಯ ದುಡ್ಡನ್ನೂ ಒಂದೇ ಬ್ಯಾಂಕಿನಲ್ಲಿಟ್ಟಿದ್ದೆ. ಬೇಡವೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಜೂನ್‌ನಲ್ಲಿ ದಕ್ಷಿಣದ ದೊಡ್ಡ ಬ್ಯಾಂಕೊಂದು ಮುಳುಗಿತು. ನಮ್ಮ ಬ್ಯಾಂಕೂ ಅಲುಗಾಡುತ್ತಿದೆಯೆಂದು ಹಾನಗಲ್ಲಿನ ಅಕ್ಕಿ ವ್ಯಾಪಾರಿಯೊಬ್ಬರು ಕಿವಿಯಲ್ಲಿ ಊದಿದರು. ಚೆಕ್ ಬರೆದುಕೊಂಡು ಓಡಿದೆ. ಬ್ಯಾಂಕಿನ ಮ್ಯಾನೇಜರ್ ನನ್ನ ಗೆಳೆಯರು. ಸವಣೂರಿನ ವೀಳ್ಯದೆಲೆ ಮುಂದಿಟ್ಟು ನಕ್ಕರು.

"ಇವತ್ತು ಶುಕ್ರವಾರ ಐತ್ರಿ. ಲಕ್ಷ್ಮೀನ ಹೊರಗ ಕಳಸ್ತಾರೇನ್ರಿ? ನಾಳೆ ಮುಂಜಾನೆ ಬರ್ರಿ."

ಶುಕ್ರವಾರ ದುಡ್ಡನ್ನು ಹೊರಗೆ ಕೊಡದಿರುವುದು ನಮ್ಮ ಕಡೆಯ ರೂಢಿ. ನಾನೂ ಯಾವ ಶುಕ್ರವಾರವೂ ತಿಜೋರಿ ತೆಗೆದವನಲ್ಲ. ಒತ್ತಾಯಿಸಲು ಸಂಕೋಚವಾಗಿ, ಎಲೆ ಹಾಕಿಕೊಂಡು, ಚೆಕ್ ಮಡಚಿಕೊಂಡು ಬಂದೆ. ಶನಿವಾರ ಬ್ಯಾಂಕಿಗೆ ಬೀಗ ಬಿದ್ದಿತ್ತು.

ಮಾಲೀಕರು ಸಾಲ ತಂದು ಕಾರ್ಖಾನೆ ಉಳಿಸಿಕೊಂಡರು. ಕೂಲಿಯವರ ಉಳಿತಾಯಕ್ಕೆ ತಾವು ಹೊಣೆಯಲ್ಲ ಎಂದುಬಿಟ್ಟರು. ಗಂಗವ್ವನಿಗೆ ನಾನೇ ಹೇಳಬೇಕಾಯಿತು. ನನ್ನ ತಿಂಗಳ ಪಗಾರ ಆಕೆಯ ಮುಂದಿಟ್ಟೆ.

"ನಿಮ್ಮ ಪಗಾರ ನನಗ ಬ್ಯಾಡ್ರಿ ಸಾಹೇಬ್ರ. ನಂದು ನನಗ ಕೊಡ್ರಿ."

ನಾಚಿಕೆಯಿಂದ ಪಗಾರ ಹಿಂದಕ್ಕೆ ತೆಗೆದುಕೊಂಡೆ. ಆಕೆ ನೋಡಿಟ್ಟಿದ್ದ ಮನೆಯನ್ನು ಬೇರೆಯವರು ಕೊಂಡರು. ಮೂರು ವರ್ಷದ ಮೇಲೆ ಲಿಕ್ವಿಡೇಟರ್, ಅಂದರೆ ಮುಳುಗಿದ ಬ್ಯಾಂಕಿನ ಆಸ್ತಿ ಮಾರಿ ಹಂಚುವ ಅಧಿಕಾರಿ, ರೂಪಾಯಿಗೆ ಐದಾಣೆಯಂತೆ ಕೊಟ್ಟರು. ಗಂಗವ್ವನಿಗೆ ಸಿಕ್ಕದ್ದು ಮೂವತ್ತನಾಲ್ಕು ರೂಪಾಯಿ ಆರಾಣೆ.

1949ರಲ್ಲಿ ಬ್ಯಾಂಕುಗಳಿಗೆ ಹೊಸ ಕಾಯಿದೆ ಬಂತು. ಠೇವಣಿಯ ಒಂದು ಪಾಲನ್ನು ಕಾದಿಡಬೇಕು, ತಪಾಸಣೆಗೆ ಒಳಗಾಗಬೇಕು. ಅದೇ ಹೊತ್ತಿಗೆ ನಮ್ಮ ಕಂಪನಿಗೂ ಖಜಾನೆಯ ನಿಯಮ ಬರೆಯುವ ಕೆಲಸ ನನಗೆ ಬಂತು. ಕೂಲಿಯವರ ದುಡ್ಡು ಬೇರೆಯಾಗಿ ಅಂಚೆ ಕಚೇರಿಯಲ್ಲಿ, ಕಂಪನಿಯ ದುಡ್ಡು ಎರಡು ಬ್ಯಾಂಕುಗಳಲ್ಲಿ, ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಎಂದು ಬರೆದೆ. "ಖಜಾಂಚಿ ಕೈ ಕಟ್ಟಾಕತ್ತೀರಲ್ರಿ" ಎಂದು ನಮ್ಮ ಕಂಪನಿಯ ಹಿರೇಕೆರೂರು ಶಾಖೆಯ ಖಜಾಂಚಿ ಗೊಣಗಿದರು.

ಕರಡು ತಿದ್ದುತ್ತಿದ್ದ ದಿನ ಗಂಗವ್ವ ಪಗಾರಕ್ಕೆ ಬಂದಳು. ಇನ್ನೂ ಮೈದುನನ ಅಂಗಳದಲ್ಲೇ ಇದ್ದಳು. ಏನು ಬರೆಯುತ್ತಿದ್ದೀರೆಂದು ಕೇಳಿದಳು, ಓದಿ ಹೇಳಿದೆ.

"ಇದು ಆವಾಗ ಇದ್ದಿದ್ರ ನನ್ನ ಮನಿ ಆಗ್ತಿತ್ತೇನ್ರಿ?"

"ಆಗ್ತಿತ್ತವ್ವಾ."

"ಹಂಗಾದ್ರ ಚಲೋ ಮಾಡಿ ಬರೀರಿ. ಯಾರ ಮಾತಿಗೂ ಅಳಿಸಬ್ಯಾಡ್ರಿ."

ಮುಂದೆ ಹದಿನೈದು ವರ್ಷ ಅದೇ ಕುರ್ಚಿಯಲ್ಲಿದ್ದೆ. ನಿಯಮ ಸಡಿಲಿಸಿ ಎಂದು ಕೇಳಿದವರೆಲ್ಲ ನನಗೆ ಬೇಕಾದವರೇ, ಒಬ್ಬರಿಗೂ ಸಡಿಲಿಸಲಿಲ್ಲ. ಪರರ ದುಡ್ಡು ಕಾಯುವವನು ದಾಕ್ಷಿಣ್ಯಕ್ಕೆ ಬೀಳಬಾರದೆಂದು ನಾನು ಕಲಿತದ್ದು ಒಂದು ಮನೆಯ ಬೆಲೆಗೆ. ಆ ಬೆಲೆ ತೆತ್ತವಳು ಗಂಗವ್ವ.