ಎಲೆ ತೋಟದ ಬಾಗಿಲಲ್ಲಿ ಸ್ಪ್ರಿಂಗ್ ಕವಚ

ಸ್ನೇಹಿತರೇ, ಬೆಳಿಗ್ಗೆ ಹೆಡತಲೆ ಊರಿನ ಹತ್ತಿರದ ವೀಳ್ಯದೆಲೆ ತೋಟದ ಬಾಗಿಲಲ್ಲೇ ನನ್ನ ಪ್ರಯೋಗ ಮುಗಿದುಹೋಗುವುದರಲ್ಲಿತ್ತು.

ನಾವು ಮಾಡಿರುವುದು ಎತ್ತಿದ ಕೈಗೆ ಆಸರೆ ಕೊಡುವ ಕವಚ. ಬ್ಯಾಟರಿ ಇಲ್ಲ, ಮೋಟರ್ ಇಲ್ಲ, ಬರೀ ಸ್ಪ್ರಿಂಗು. ದಿನವಿಡೀ ಕೈ ಮೇಲೆತ್ತಿ ಎಲೆ ಕೊಯ್ಯುವ ಸಣ್ಣಮ್ಮನವರಿಗೆ ತೊಡಿಸಿ ನೋಡಬೇಕಿತ್ತು.

ಎಲೆ ತೋಟದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ ಎಂದು ಗೊತ್ತಿತ್ತು, ಬೇಲಿಯಾಚೆ ಬಿಟ್ಟಿದ್ದೆ. ತೋಟದ ಮಾಲೀಕ ಮಾದಪ್ಪನವರು ನನ್ನ ಹೆಗಲ ಮೇಲಿದ್ದ ಕವಚದ ಬೆಲ್ಟು ಮುಟ್ಟಿ ನೋಡಿದರು.

"ಇದು ತೊಗಲಲ್ವಾ ಸಾ? ಚಪ್ಪಲಿ ಆಚೆ ಬುಟ್ಟು ತೊಗಲ್ನ ಮೈಮೇಲೆ ಆಕ್ಕೊಂಡ್ ಬಂದ್ರೆ ಎಲೆಬಳ್ಳಿ ಸುಮ್ಕಿದ್ದದಾ?"

ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಕೂತು ಏನೆಲ್ಲ ಯೋಚಿಸಿದ್ದೆವು, ಇದೊಂದನ್ನು ಬಿಟ್ಟು!

"ಅಂಗ್ಯಾಕ್ ನಿಂತ್ಕಂಡಿದ್ದೀಯಪ್ಪ, ತಾ ಇಲ್ಲಿ" ಎಂದರು ಸಣ್ಣಮ್ಮ. ಬೆಲ್ಟುಗಳನ್ನೆಲ್ಲ ಬಿಚ್ಚಿ ಬೇಲಿಯಾಚೆ ಹಾಕಿದರು. ಕೊಯ್ದ ಎಲೆ ಮುಚ್ಚಲು ತಂದಿದ್ದ ಹಳೇ ಸೀರೆಯನ್ನು ಹರಿದು, ಬಳ್ಳಿ ಕಟ್ಟುವ ಗಂಟನ್ನೇ ಹಾಕಿ ಕವಚವನ್ನು ಹೆಗಲಿಗೆ ಕಟ್ಟಿಕೊಂಡರು. ಕೈ ಎತ್ತಿದರು. ಕೈ ಅಲ್ಲೇ ನಿಂತಿತು.

"ಯಾರೋ ಇಡ್ಕೊಂಡಂಗದೆ ಕಣಪ್ಪಾ!"

ಗಳಿಗೆಗೊಮ್ಮೆ ಹೆಗಲು ಉಜ್ಜಿಕೊಳ್ಳುವ ಹೆಂಗಸು ಊಟದ ಹೊತ್ತಿನವರೆಗೂ ಹೆಗಲು ಮುಟ್ಟಲಿಲ್ಲ. ಲ್ಯಾಬಿನಲ್ಲಿ ನಮ್ಮೆಲ್ಲರ ಕಂಕುಳನ್ನೂ ತರಚಿದ್ದು ಆ ಬೆಲ್ಟು. ಸೀರೆ ತರಚಲೇ ಇಲ್ಲ. ಕೊನೆಗೆ ಮಾದಪ್ಪನವರೇ, "ನಂಗೂ ಒಂದ್ ಮಾಡ್ಕೊಡಿ ಸಾ, ಸೀರೇದೇ ಇರ್ಲಿ" ಎಂದರು.

ಸಂಜೆ ವರದಿ ತುಂಬಿದೆ. 'ಬೆಲ್ಟು' ಎಂಬಲ್ಲಿದ್ದ 'ಚರ್ಮ'ವನ್ನು ಹೊಡೆದುಹಾಕಿ 'ಹಳೇ ಸೀರೆ' ಎಂದು ಬರೆದೆ. 'ಬಳಕೆಯಲ್ಲಿ ಕಂಡ ತೊಂದರೆ' ಎಂಬಲ್ಲಿ ಒಂದೇ ಸಾಲು: ತೊಟ್ಟವರು ವಾಪಸ್ ಕೊಡುತ್ತಿಲ್ಲ.