ಕರಾಚಿಯ ಲಕೋಟೆಯ ಮೂಲೆ

೧೯೫೦. ನಿಜಾಮರ ಅಂಚೆ ಭಾರತದ ಅಂಚೆ ಇಲಾಖೆಗೆ ಸೇರಿದ ವರ್ಷ. ಧಾರವಾಡದಲ್ಲಿ ಬಿ.ಎ. ಮುಗಿಸಿದ್ದ ನನ್ನನ್ನು ಸುರಪುರದ ಅಂಚೆ ಕಚೇರಿಗೆ ಗುಮಾಸ್ತನಾಗಿ ಹಾಕಿದರು.

ಆ ಊರಿನ ದರ್ಜಿ ಮಹಬೂಬ ಗಲಭೆಯ ದಿನಗಳಲ್ಲಿ ಕರಾಚಿಗೆ ಹೋಗಿದ್ದ. ತಾಯಿ ಹುಸೇನಬಿ, ಹೆಂಡತಿ ಜೈನಾಬಿ ಇಲ್ಲೇ ಉಳಿದಿದ್ದರು. ಎರಡು ತಿಂಗಳಿಗೊಂದು ಪತ್ರ ಅವನಿಂದ ಬರುತ್ತಿತ್ತು. ಹೆಂಡತಿ ಅಲ್ಲಿಗೆ ಹೋಗಲು ಪರ್ಮಿಟ್ ಬೇಕಿತ್ತು. ಅದು ಗಡಿ ದಾಟಲು ಕೊಡುವ ಅನುಮತಿ ಪತ್ರ, ಗಡುವು ಮುಗಿದರೆ ಬರೀ ಕಾಗದ.

ನನಗೆ ಸ್ಟಾಂಪು ಕೂಡಿಡುವ ಹುಚ್ಚು. ಆ ಮಳೆಗಾಲದಲ್ಲಿ ಮಹಬೂಬನಿಂದ ಬಂದ ಲಕೋಟೆಯ ಮೂಲೆಯನ್ನು ಹೊಸ ಸ್ಟಾಂಪಿನ ಸಮೇತ ಕತ್ತರಿಸಿಕೊಂಡೆ. ಮೂಲೆ ಹೋದ ಕಾಗದ ಸಾವಿನ ಸುದ್ದಿ ಎಂಬ ರೂಢಿ ನನಗೂ ಗೊತ್ತಿತ್ತು. ಅದು ಕಾರ್ಡಿಗೆ ಮಾತ್ರ ಎಂದುಕೊಂಡೆನೋ, ಏನೂ ಅಂದುಕೊಳ್ಳಲಿಲ್ಲವೋ, ಈಗ ಹೇಳಲಾರೆ.

ಅಂಥ ಕಾಗದವನ್ನು ಆ ಊರಿನವರು ಮನೆಯೊಳಗೆ ತರುವುದಿಲ್ಲ, ಬಿಡಿಸಿ ಓದಿಸುವುದೂ ಇಲ್ಲ. ಹುಸೇನಬಿ ಅದನ್ನು ಹೊರಗೋಡೆಯ ಸಂದಿಗೆ ಸಿಕ್ಕಿಸಿದಳು. ಜೈನಾಬಿ ಬಳೆ ಒಡೆದುಕೊಂಡಳು. ಆ ವಾರದ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: 'ದರ್ಜಿ ಕರಾಚಿಯಲ್ಲಿ ತೀರಿಕೊಂಡನಂತೆ.'

ಎರಡು ತಿಂಗಳ ಮೇಲೆ ಅದೇ ಕೈಬರಹದ ಇನ್ನೊಂದು ಲಕೋಟೆ ಬಂತು. ಪೋಸ್ಟ್‌ಮ್ಯಾನ್ ಹಣಮಪ್ಪ ಅದನ್ನು ತಿರುಗಿಸಿ ನೋಡಿದ.

"ಸರ, ಸತ್ತಾಂವ ಕಾಗದ ಬರದಾನ್ರಿ. ಮ್ಯಾಲೂ ಟಪಾಲ್ ಕಚೇರಿ ಅದ ಅಂತ ಕಾಣ್ತದ."

ಮರುದಿನ ಜೈನಾಬಿ ಎರಡೂ ಲಕೋಟೆ ಹಿಡಿದು ಬಂದಳು. 'ಪರ್ಮಿಟ್ ಕಳಿಸಿದ್ದೆ, ಯಾಕೆ ಬರಲಿಲ್ಲ?' ಎಂದು ಗಂಡ ಹೊಸ ಪತ್ರದಲ್ಲಿ ಕೇಳಿದ್ದ. ಆಗ ಗೋಡೆಯ ಸಂದಿಯಿಂದ ತೆಗೆದು ಬಿಡಿಸಿದರೆ, ಪರ್ಮಿಟ್ ಮೊದಲನೆಯದರಲ್ಲೇ ಇತ್ತು. ಗಡುವು ಮುಗಿದು ಒಂಬತ್ತು ದಿನವಾಗಿತ್ತು.

"ಬಾಬು ಸಾಹೇಬ್ರ, ಈ ಮೂಲಿ ಯಾರು ತಗದ್ರಿ?"

"ದಾರಿಯಲ್ಲಿ ಹರಿದಿರಬೇಕಮ್ಮ."

ಅವಳು ಅಂಚಿನ ಮೇಲೆ ಬೆರಳಾಡಿಸಿದಳು. "ನಾ ದರ್ಜಿ ಹೇಣ್ತಿ ಅದೀನ್ರಿ. ಇದು ಹರದದ್ದಲ್ಲ. ಹಾದ್ಯಾಗ ಕತ್ತರಿ ಹಿಡ್ಕೊಂಡು ಯಾರು ಕುಂತಿದ್ರು?"

ನನ್ನ ನೆನಪಿನಲ್ಲಿ ಆಮೇಲೆ ನಾನು ತಪ್ಪು ಒಪ್ಪಿಕೊಳ್ಳುತ್ತೇನೆ. ಡೈರಿ ಬೇರೆ ಹೇಳುತ್ತದೆ: 'ದಾರಿಯಲ್ಲಿ ಹರಿದಿರಬೇಕು ಎಂದೆ. ಅವಳು ಹೋದಳು. ಐದು ಗಂಟೆಗೆ ಟಪಾಲು ಚೀಲ ಕಟ್ಟಿದೆ.'

ಹೊಸ ಪರ್ಮಿಟ್ಟಿಗೆ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಅದರ ನಕಲು ಇನ್ನೂ ನನ್ನಲ್ಲಿದೆ, ಹಾಗಾಗಿ ಅದನ್ನು ನಂಬಬಹುದು. ನನಗೆ ರಾಯಚೂರಿಗೆ ವರ್ಗವಾಗುವವರೆಗೆ ಅದಕ್ಕೆ ಜವಾಬು ಬರಲಿಲ್ಲ. ಆಮೇಲೆ ಏನಾಯಿತೆಂದು ಕೇಳಿ ಒಂದು ಕಾರ್ಡನ್ನೂ ನಾನು ಬರೆಯಲಿಲ್ಲ.

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು: ತಪ್ಪು ಯಾರದೆಂದು ಕೇಳಿದಾಗ ಬಾಯಿಗೆ ಮೊದಲು ಬಂದ ಉತ್ತರವನ್ನು ಅಂದೇ ಬರೆದಿಡಬೇಕು. ವಯಸ್ಸಾದ ಮೇಲೆ ನಾವು ನಮ್ಮನ್ನು ಸುಲಭವಾಗಿ ಕ್ಷಮಿಸಿಬಿಡುತ್ತೇವೆ.