ಪಕ್ಕಾ ಆದ ಸರ್ವಿಸ್

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕಾಲಕ್ಕೆ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಸರ್ವಿಸ್. ಯಾರದು ಎಷ್ಟಾಯಿತು, ಯಾರ ನೌಕರಿ ಕಾಯಂ ಆಗಿ ಪಕ್ಕಾ ಆಯಿತು, ಯಾರದು ಇನ್ನೂ ದಿನಗೂಲಿಯ ಕಚ್ಚಾ. ಬೇರೆ ಹರಟೆಗೆ ಜಾಗವೇ ಇರಲಿಲ್ಲ.

ಪರದೆಯ ಮೇಲೆ ಮುಖ ತೋರಿಸದೆ ಹಿಂದೆಯೇ ಕೆಲಸ ಮಾಡುವ ಪ್ರೋಗ್ರಾಮಿಗೂ ಸರ್ವಿಸ್ ಎಂದೇ ಹೆಸರು. ಅಂಥದೊಂದನ್ನು ಸೋಮವಾರ ನಾನು ಕಂಪ್ಯೂಟರಿಗೆ ಹಾಕಿದ್ದೆ. ಕಾಲುವೆ ಗೇಟುಗಳ ಬಳಿಯ ನೀರಿನ ಮಟ್ಟದ ಲೆಕ್ಕವನ್ನು ತಾನೇ ತರಿಸಿಕೊಳ್ಳುವುದು ಅದರ ಕೆಲಸ. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಅದು ತೆಪ್ಪಗೆ ಬಿದ್ದಿರುತ್ತಿತ್ತು. ಯಾರಾದರೂ ಕೈಯಾರೆ ಚಾಲೂ ಮಾಡಬೇಕು. ನಮ್ಮ ಕರೆಂಟಿಗೋ ಹೊತ್ತುಗೊತ್ತಿಲ್ಲ. ತಲೆ ಕೆಟ್ಟು, ಬುಧವಾರ ಸೆಟ್ಟಿಂಗಿನಲ್ಲಿ ಮ್ಯಾನ್ಯುಯಲ್ ಇದ್ದದ್ದನ್ನು ಆಟೋಮ್ಯಾಟಿಕ್ ಮಾಡಿದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದಾಗ ಅದು ತಾನಾಗಿ ಎದ್ದು ಕೂತಿತು. ಸುರಪುರಕ್ಕೆ ಹೋಗಿದ್ದ ಇಂಜಿನಿಯರರಿಗೆ ಫೋನ್ ಹಚ್ಚಿದೆ.

"ಸರ್ವಿಸ್ ಪಕ್ಕಾ ಮಾಡೀನ್ರಿ ಸರ. ಇನ್ಮ್ಯಾಲೆ ಚಿಂತಿ ಇಲ್ಲ."

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹಿರಿಯ ದಿನಗೂಲಿ ಜವಾನರೊಬ್ಬರು ಇಷ್ಟನ್ನು ಕೇಳಿಸಿಕೊಂಡಿದ್ದರು. ದಶಕಗಳ ಹಿಂದೆ ಕಾಲುವೆಗೆ ಮೊದಲ ನೀರು ಬಂದ ವರ್ಷದಿಂದ ಅಲ್ಲಿದ್ದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ತಮ್ಮನ್ನು ಪಕ್ಕಾ ಮಾಡಿರೆಂದು, ಕಚೇರಿಗೆ ಬಂದ ಒಬ್ಬೊಬ್ಬ ಇಂಜಿನಿಯರರ ಹಿಂದೆಯೂ ತಿರುಗಿದ್ದರು.

ಮರುದಿನ ಚಾಚಾ ಪೇಡೆಯ ಡಬ್ಬಿ ತಂದರು. ಮೊದಲ ಪೇಡೆ ನನಗೆ. ಬಾಯಿಗೆ ಹಾಕಿಕೊಂಡು, ಮಗಳ ಮದುವೆ ಗೊತ್ತಾಯಿತೇನು ಎಂದು ಕೇಳಿದೆ.

"ಅಲ್ರಿ ಸರ. ನಿನ್ನಿ ನೀವೇ ಸಾಹೇಬ್ರಿಗಿ ಹೇಳಿದ್ರಲ್ರಿ, ಸರ್ವಿಸ್ ಪಕ್ಕಾ ಆಗ್ಯಾದಂತ. ಮನ್ಯಾಗ ಹೇಳೀನ್ರಿ, ಓಣ್ಯಾಗೂ ಹೇಳೀನಿ."

ಹೇಳದೆ ಗತ್ಯಂತರವಿರಲಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿ ಆ ಪ್ರೋಗ್ರಾಮಿನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟೆ.

"ನಾ ಹೇಳಿದ್ದು ಇದರ ಸುದ್ದಿ, ಚಾಚಾ. ಇದು ಕಂಪ್ಯೂಟರಿನ ಸರ್ವಿಸ್. ನಿಮ್ಮದಲ್ಲ."

ಈ ಪ್ರೋಗ್ರಾಮಿಗೆ ಆ ಹೆಸರಿಟ್ಟವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಚಾಚಾ ಬಗ್ಗಿ ಪರದೆಯನ್ನು ನೋಡುತ್ತಲೇ ಇದ್ದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

"ಇದು ಇಲ್ಲಿ ಬಂದು ಎಷ್ಟ್ ದಿನ ಆತ್ರಿ?"

"ಸೋಮವಾರ ಬಂದದ," ಎಂದೆ.

"ಮೂರು ದಿನದಾಗ ಪಕ್ಕಾ ಆತು," ಎಂದರು ಚಾಚಾ, ಉಳಿದ ಪೇಡೆ ಹಂಚಲು ಮುಂದಿನ ಮೇಜಿಗೆ ಹೋಗುತ್ತ.